ಮದುವೆ ಪ್ರಮಾಣಪತ್ರದ ಅಟೆಸ್ಟೇಷನ್: ಮೈಸೂರಿನ ಏಜೆನ್ಸಿಯೊಂದರ ಸೇವೆ, ವರ್ಷಗಳ ಬಳಕೆಯ ನಂತರ

ಪತಿಗೆ ದುಬೈನಲ್ಲಿ ಕೆಲಸ ಸಿಕ್ಕಾಗ ನಮ್ಮ ಮದುವೆ ಪ್ರಮಾಣಪತ್ರದ ಅಟೆಸ್ಟೇಷನ್ (ವಿದೇಶದಲ್ಲಿ ಒಪ್ಪುವಂತೆ ಸರ್ಕಾರಿ ಕಚೇರಿಗಳ ದೃಢೀಕರಣ) ಮಾಡಿಸಿದ್ದು ಮೈಸೂರಿನ ಏಜೆನ್ಸಿಯೊಂದರ ಮೂಲಕ. ನನ್ನ ವೀಸಾಕ್ಕೆ, ಅದರ ನವೀಕರಣಕ್ಕೆ, ಅಲ್ಲೇ ಹುಟ್ಟಿದ ಮಗಳ ಜನನ ನೋಂದಣಿಗೆ ಆ ಪತ್ರವನ್ನೇ ಕೊಟ್ಟಿದ್ದೇನೆ. ಎಲ್ಲಿಯೂ ತಕರಾರು ಬರಲಿಲ್ಲ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಆ ಅಂಕಗಳೆಲ್ಲ ಕೌಂಟರಿನಲ್ಲಿದ್ದ ಮಹಿಳೆಗೆ ಸಲ್ಲಬೇಕು. ಹಣದ ಮಾತೆತ್ತುವ ಮೊದಲೇ ಅವರು ನಮ್ಮಿಬ್ಬರ ಪಾಸ್‌ಪೋರ್ಟ್ ಕೇಳಿ ಪಡೆದು, ಪ್ರಮಾಣಪತ್ರದ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿದರು. ನಮ್ಮ ಕಡೆ ಹೆಸರಿನ ಹಿಂದೆಮುಂದೆ ಊರು, ತಂದೆಯ ಹೆಸರುಗಳ ಇನಿಷಿಯಲ್ ಇರುವುದು ರೂಢಿ. ಪಾಸ್‌ಪೋರ್ಟಿನಲ್ಲಿ ಅವನ್ನೇ ಬಿಡಿಸಿ ಪೂರ್ತಿಯಾಗಿ ಬರೆದಿರುತ್ತಾರೆ. ಪತಿಯ ಹೆಸರು ಎರಡು ಕಡೆ ಎರಡು ಬಗೆಯಾಗಿತ್ತು. "ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲು ಇದನ್ನು ಸರಿಪಡಿಸಿಕೊಂಡು ಬನ್ನಿ ಮೇಡಂ, ಆಮೇಲೆ ತೆಗೆದುಕೊಳ್ಳುತ್ತೇವೆ" ಎಂದರು. ಬಂದ ಗಿರಾಕಿಯನ್ನು ಹೀಗೆ ವಾಪಸು ಕಳಿಸುವವರು ಎಷ್ಟು ಜನ ಇದ್ದಾರು?

ಹೀಗೆ ಹೋಲಿಸಿ ನೋಡುವುದು ಎಷ್ಟು ಮುಖ್ಯವೆಂಬುದು ಪತ್ರ ಸಾಗುವ ದಾರಿ ತಿಳಿದ ಮೇಲೆ ಅರ್ಥವಾಯಿತು. ಸಬ್ ರಿಜಿಸ್ಟ್ರಾರ್ ಕೊಟ್ಟ ಪತ್ರವನ್ನು ಬೆಂಗಳೂರಿನಲ್ಲಿ ರಾಜ್ಯ ಗೃಹ ಇಲಾಖೆ ದೃಢೀಕರಿಸುತ್ತದೆ. ಅದರ ಮೇಲೆ ಕೇಂದ್ರ ವಿದೇಶಾಂಗ ಸಚಿವಾಲಯ, ಬಳಿಕ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಸಚಿವಾಲಯ. ಪ್ರತಿ ಹಂತದಲ್ಲೂ ನೋಡುವುದು ಹಿಂದಿನವರ ಸಹಿ ಮತ್ತು ಮೊಹರು ನಿಜವೇ ಎಂಬುದನ್ನು. ಒಳಗೆ ಬರೆದಿರುವ ಹೆಸರಿಗೆ ಯಾರೂ ಹೊಣೆಯಲ್ಲ. ಎಲ್ಲ ಮೊಹರುಗಳೂ ಬಿದ್ದ ಮೇಲೆ ವೀಸಾ ಕೌಂಟರಿನಲ್ಲಿ ವ್ಯತ್ಯಾಸ ಹೊರಬಿದ್ದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು.

ವಿದೇಶಾಂಗ ಸಚಿವಾಲಯ 2012ರಿಂದ ಜನರಿಂದ ನೇರವಾಗಿ ಪತ್ರ ಪಡೆಯುತ್ತಿಲ್ಲ, ತಾನು ನೇಮಿಸಿದ ಸಂಸ್ಥೆಗಳ ಮೂಲಕ ಮಾತ್ರ. 2019ರಿಂದ ಈ ಕೆಲಸ ದೆಹಲಿಯಲ್ಲದೆ ಬೆಂಗಳೂರಿನಲ್ಲೂ ನಡೆಯುತ್ತಿದೆ. ಮೈಸೂರಿನ ಈ ಏಜೆನ್ಸಿ ಪತ್ರ ಸಂಗ್ರಹಿಸಿ ಅಂಥ ಸಂಸ್ಥೆಗೆ ತಲುಪಿಸುತ್ತದೆ, ಅಷ್ಟೇ. ಅದನ್ನು ಅವರು ಮುಚ್ಚಿಡಲಿಲ್ಲ.

ಒಂದು ಅಂಕ ಕಡಿಮೆ ಕೊಟ್ಟಿದ್ದು ಬಿಲ್ಲಿಗಾಗಿ. ಒಟ್ಟು ಮೊತ್ತವನ್ನಷ್ಟೇ ಬರೆದಿದ್ದರು. ಸರ್ಕಾರಿ ಶುಲ್ಕ ಎಷ್ಟು, ಕೊರಿಯರ್ ಎಷ್ಟು, ಅವರ ಸೇವೆಗೆ ಎಷ್ಟು ಎಂಬ ವಿವರವಿರಲಿಲ್ಲ. ಮೂಲ ಪತ್ರ ಕೈಬಿಟ್ಟು ಹೋದ ದಿನಗಳಲ್ಲಿ ನಾವಾಗಿ ಫೋನ್ ಮಾಡಿದರೆ ಮಾತ್ರ ಸುದ್ದಿ. ಮನೆಯಲ್ಲಿ ಇರುವುದೇ ಒಂದು ಪತ್ರ, ಆ ಆತಂಕ ಸಣ್ಣದಲ್ಲ.

ಮಸ್ಕತ್‌ನಲ್ಲಿರುವ ತಂಗಿಯ ಪತ್ರವನ್ನೂ ಇಲ್ಲೇ ಕೊಟ್ಟಿದ್ದೆವು. ಅವಳದು ಬೇಗ ಮುಗಿಯಿತು. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಸುಲಭವಾಗಿ ಒಪ್ಪಲೆಂದು ಮಾಡಿಕೊಂಡ 1961ರ ಹೇಗ್ ಒಪ್ಪಂದದಲ್ಲಿ ಒಮಾನ್ ಇದೆ, 2005ರಿಂದ ಭಾರತವೂ ಇದೆ. ಆದ್ದರಿಂದ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಈ ಒಪ್ಪಂದದ ಪ್ರಕಾರ ಅಂಟಿಸುವ ದೃಢೀಕರಣದ ಸ್ಟಿಕ್ಕರ್) ಬಿದ್ದರೆ ಸಾಕು, ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ಕೆನಡಾ ಕೂಡ 2024ರ ಜನವರಿಯಲ್ಲಿ ಈ ಸಾಲಿಗೆ ಸೇರಿತು. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪ ಎತ್ತಿದ ದೇಶ, ಹಾಗಾಗಿ ಭಾರತದ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಹೊರಟವರು ಅಪೊಸ್ಟಿಲ್ ನಂಬಿ ಹಣ ಕಟ್ಟಬಾರದು.

ಈಗ ನಾವು ನೆದರ್‌ಲ್ಯಾಂಡ್ಸ್‌ಗೆ ಹೊರಟಿದ್ದೇವೆ. ಅಲ್ಲಿಗೆ ಬೇಕಾದದ್ದು ಅಪೊಸ್ಟಿಲ್. ದುಬೈಗಾಗಿ ಹಾಕಿಸಿದ ಮೊಹರುಗಳು ಅದರ ಜಾಗ ತುಂಬುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊಸದಾಗಿ ಪ್ರಮಾಣೀಕೃತ ಪ್ರತಿ ತೆಗೆಸಿ, ಲ್ಯಾಮಿನೇಷನ್ ಮಾಡಿಸದೆ ಅದೇ ಏಜೆನ್ಸಿಗೆ ಕೊಟ್ಟೆ. ಈ ಸಲ ಬಿಲ್ಲನ್ನು ಬಿಡಿಬಿಡಿಯಾಗಿ ಕೇಳಿದೆ, ಕೊಟ್ಟರು. ಅದರಲ್ಲಿ ಅಪೊಸ್ಟಿಲ್‌ನ ಸರ್ಕಾರಿ ಶುಲ್ಕ ಐವತ್ತು ರೂಪಾಯಿ. ಪತ್ರ ಕೈಸೇರಿದ ದಿನವೇ ಸ್ಟಿಕ್ಕರಿನ ಸಂಖ್ಯೆಯನ್ನು ಸಚಿವಾಲಯದ ಜಾಲತಾಣದಲ್ಲಿ ಹಾಕಿ ನೋಡಿದೆ, ದಾಖಲೆ ಸರಿಯಾಗಿದೆ.