ಹಳೇಬೀಡಿನಲ್ಲಿ ಒಂದು ದಿನದ ಫೋಟೋ ಕ್ಲಾಸ್: ಹೋಗಿ ಬನ್ನಿ

ಹಾಸನದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡಿರುವ ನೇಪಾಳದ ಫೋಟೋಗ್ರಾಫರ್ ಒಬ್ಬರು ತಿಂಗಳಿಗೊಂದು ಭಾನುವಾರ ಹಳೇಬೀಡಿನಲ್ಲಿ ಕ್ಲಾಸ್ ಮಾಡುತ್ತಾರೆ. ಒಬ್ಬರಿಗೆ 1,200 ರೂಪಾಯಿ, ಒಂದು ಪ್ರಿಂಟ್ ಸೇರಿ. ಆರು ಜನಕ್ಕಿಂತ ಜಾಸ್ತಿ ಸೇರಿಸಿಕೊಳ್ಳುವುದಿಲ್ಲ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕಿಲ್ಲ. ಊರಲ್ಲಿ ಮದುವೆ ಫೋಟೋ ಮಾಡಿಸಿದವರನ್ನು ಕೇಳಿದರೆ ಯಾರೆಂದು ಹೇಳುತ್ತಾರೆ.

ಅಪರ್ಚರ್, ಶಟರ್ ಅಂದರೇನು ಎನ್ನುವುದನ್ನು ಯೂಟ್ಯೂಬ್‌ನಲ್ಲಿ ನೋಡಿಕೊಂಡೇ ಹೋಗಿ. ಅದಕ್ಕೆಲ್ಲ ಇವರು ಸಮಯ ಕೊಡುವುದಿಲ್ಲ.

ಹೊಯ್ಸಳೇಶ್ವರ ದೇವಸ್ಥಾನದ ಗೇಟ್ ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ಮೊದಲ ಒಂದು ಗಂಟೆ ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರುವ ಹಾಗಿಲ್ಲ. ಒಂದು ಗೋಡೆಯ ಮುಂದೆ ಕೂರಿಸಿ, ಕೆಳಗಿನ ಸಾಲಿನ ಆನೆಗಳಲ್ಲಿ ಎರಡು ಒಂದೇ ಥರ ಇದ್ದರೆ ತೋರಿಸಿ ಎನ್ನುತ್ತಾರೆ. ಸ್ಕೂಲ್ ಟ್ರಿಪ್ಪು, ನೆಂಟರು ಬಂದಾಗ ಅಂತ ಚಿಕ್ಕಂದಿನಿಂದ ಹೋಗುತ್ತಲೇ ಇರುವ ಜಾಗ ಅದು, ಆದರೂ ಒಂದರ ಸೊಂಡಿಲು ಒಳಕ್ಕೆ ಸುತ್ತಿದೆ, ಪಕ್ಕದ್ದರದು ಚಾಚಿದೆ ಎನ್ನುವುದನ್ನೆಲ್ಲ ನಿಂತು ನೋಡಿದ್ದು ಅವತ್ತೇ. ಬಿಸಿಲು ಓರೆಯಾಗಿ ಬಿದ್ದಾಗ ಕೆತ್ತನೆಯ ಒಂದೊಂದು ಎಳೆಗೂ ನೆರಳು ಬರುತ್ತದೆ, ಹೊತ್ತು ಏರಿದರೆ ಅದೇ ಗೋಡೆ ಚಪ್ಪಟೆ. ಅದಕ್ಕೇ ಬೆಳಿಗ್ಗೆ ಪೂರ್ವದ ಕಡೆ, ನಾಲ್ಕು ಗಂಟೆ ಮೇಲೆ ಪಶ್ಚಿಮದ ಗೋಡೆ.

ನಡುವೆ ಪಕ್ಕದ ಬಸದಿಹಳ್ಳಿ. ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ, ಆದರೆ ಒಳಗೆ ಕತ್ತಲು, ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ, ಉಸಿರು ಅರ್ಧ ಬಿಟ್ಟು ಅಲ್ಲೇ ತಡೆದು ನಿಧಾನಕ್ಕೆ ಒತ್ತಿ ಎಂದರು. ಶಟರ್ 1/15 ಸೆಕೆಂಡಿನಷ್ಟು ಹೊತ್ತು ತೆರೆದಿದ್ದರೂ ಫೋಟೋ ಅಲುಗಾಡದೆ ಬಂತು! ಕಂಬದ ಮೇಲೆ ಬಾಗಿಲ ಬೆಳಕು, ಅದರ ಪಕ್ಕ ನಮ್ಮದೇ ಮುಖ ಸಣ್ಣಗೆ ಉದ್ದಕ್ಕೆ ಎಳೆದಂತೆ. ಆ ಪ್ರಿಂಟನ್ನೇ ನಾನು ಮಾಡಿಸಿಕೊಂಡೆ.

ಅವರ ಕಥೆ ಊಟಕ್ಕೆ ಕೂತಾಗ ಬಂತು, ಅದೂ ನಾವು ಕೇಳಿದ್ದಕ್ಕೆ. ಹುಡುಗನಾಗಿದ್ದಾಗ ಹೋಟೆಲಿನಲ್ಲಿ ಲೋಟ ತೊಳೆಯೋಕೆ ಬಂದವರು, ಆಮೇಲೆ ಮದುವೆಗಳಲ್ಲಿ ಲೈಟ್ ಹಿಡಿದರು, ಕನ್ನಡವೂ ಕ್ಯಾಮೆರಾವೂ ಅಲ್ಲೇ ಬಂದವು. ಊರು ಗೋರ್ಖಾ ಜಿಲ್ಲೆ. 2015ರ ಏಪ್ರಿಲ್‌ನ ಭೂಕಂಪದ ಕೇಂದ್ರ ಇದ್ದದ್ದೇ ಆ ಜಿಲ್ಲೆಯಲ್ಲಿ. ಮನೆಯವರು ಬದುಕಿದರು, ಮನೆ ಉಳಿಯಲಿಲ್ಲ. ತೀರಿಹೋಗಿದ್ದ ಅಪ್ಪನ ಒಂದೇ ಒಂದು ಫೋಟೋ ಇತ್ತಂತೆ, ಅದೂ ಮಣ್ಣಿನಡಿ ಸೇರಿತು. ಆಮೇಲೆ ಬಹಳ ದಿನ ಮದುವೆ ಕೆಲಸ ಬಿಟ್ಟರೆ ಕ್ಯಾಮೆರಾ ಮುಟ್ಟಲಿಲ್ಲವಂತೆ.

2018ರ ಮಹಾಮಸ್ತಕಾಭಿಷೇಕಕ್ಕೆ ಒಬ್ಬರ ಲೆನ್ಸ್ ಬ್ಯಾಗ್ ಹೊತ್ತುಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ದಾರೆ. ಹಾಲು, ಅರಿಶಿನ, ಗಂಧ ಗೊಮ್ಮಟನ ಭುಜದ ಮೇಲಿಂದ ಇಳಿಯುವಾಗ ಸುತ್ತ ಎಲ್ಲರೂ ಕ್ಲಿಕ್ಕಿಸುತ್ತಿದ್ದರು. 'ನನ್ನ ಕೈಯಲ್ಲಿ ಬರೀ ಬ್ಯಾಗ್ ಇತ್ತು ಸರ್, ಅದಕ್ಕೇ ಪೂರ್ತಿ ನೋಡಿದೆ' ಎಂದರು. ಅಂದಿನಿಂದ ಆಗಾಗ ವಿಂಧ್ಯಗಿರಿ ಹತ್ತುತ್ತಾರೆ, ಮೊದಲು ಕೂರುತ್ತಾರೆ, ಮನಸ್ಸು ಬಂದರೆ ಮಾತ್ರ ಕ್ಯಾಮೆರಾ. ಹುಟ್ಟಿದ್ದು ಹಿಂದೂ ಮನೆಯಲ್ಲಿ, ಬಸದಿಗೂ ಹೋಗುತ್ತಾರೆ, ಹೇಮಾವತಿ ನೀರಲ್ಲಿ ನಿಂತ ಶೆಟ್ಟಿಹಳ್ಳಿ ಚರ್ಚಿಗೂ ಹೋಗುತ್ತಾರೆ. ಗರ್ಭಗುಡಿಯ ಫೋಟೋ ಮಾತ್ರ ಯಾವತ್ತೂ ತೆಗೆಯುವುದಿಲ್ಲ, ಅಲ್ಲಿಗೆ ನಾನು ಹೋಗುವುದು ಕೈಮುಗಿಯೋಕೆ ಎನ್ನುತ್ತಾರೆ.

ಸ್ಟುಡಿಯೋ ಗೋಡೆಯ ಮೇಲೆ ಅವರ ಸ್ವಂತ ಕೆಲಸ ಇದೆ, ಎಲ್ಲ ಬರೀ ಕೈಗಳು. ಹೂ ಕಟ್ಟುವ ಕೈ, ಕಾಫಿ ಹಣ್ಣು ಬಿಡಿಸುವ ಕೈ. ಹೊಸ್ತಿಲು ತೊಳೆಯುವ ಅಜ್ಜಿಯೊಬ್ಬರದು ನನಗೆ ತುಂಬ ಇಷ್ಟವಾಯಿತು: ಒದ್ದೆ ಬಳೆಗಳು ಮೊಣಕೈ ಹತ್ತಿರ ಸರಿದಿವೆ, ಉಗುರಲ್ಲಿ ಕುಂಕುಮ ಉಳಿದಿದೆ. ಮುಖ ಇಲ್ಲದಿದ್ದರೂ ಆ ಅಜ್ಜಿ ಎಂಥವರು ಎಂದು ಗೊತ್ತಾಗುತ್ತದೆ.

ಇನ್ನೊಂದು ಮಾತು ಹೇಳಿದರು. ಬೇಲೂರಿನ ಮದನಿಕೆಯರನ್ನು ಕೆತ್ತಿದವರಲ್ಲಿ ದಾಸೋಜ ಒಬ್ಬ, ಶಿವಮೊಗ್ಗ ಕಡೆಯ ಬಳ್ಳಿಗಾವೆಯಿಂದ ಬಂದವನು. ಅವನ ಮಗ ಚಾವಣನ ಹೆಸರೂ ಅಲ್ಲಿದೆ. 'ಯಾರಾದರೂ ಹೊರಗಿನವನು ಅಂದರೆ ಬೇಲೂರಿಗೆ ಹೋಗಿ ಆ ಹೆಸರು ನೋಡಿ ಬರುತ್ತೇನೆ' ಎಂದರು. ಹಾಸನದಲ್ಲೇ ಹುಟ್ಟಿದ ನಮಗೆ ದಾಸೋಜನ ಹೆಸರು ಎಷ್ಟು ಜನಕ್ಕೆ ಗೊತ್ತು, ಹೇಳಿ? ಇವರು ಇಲ್ಲಿಯ ಕಲ್ಲನ್ನು ನೋಡುವ ರೀತಿಯೇ ಬೇರೆ, 1,200 ರೂಪಾಯಿ ನನಗೆ ಕಮ್ಮಿ ಎನಿಸಿದ್ದು ಅದಕ್ಕೇ.

ತಕರಾರು ಇಲ್ಲದೆ ಇಲ್ಲ. ಪ್ರಿಂಟ್ ಕೈಗೆ ಬರಲು ವಾರಗಟ್ಟಲೆ ಆಯಿತು, ಮದುವೆ ಸೀಸನ್‌ನಲ್ಲಿ ಫೋನ್ ಎತ್ತುವುದೇ ಇಲ್ಲ. ಊಟ ನಮ್ಮದೇ ಖರ್ಚು, ಅದನ್ನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಕಲ್ಲು ಸುಡುತ್ತದೆ, ಸಾಕ್ಸ್ ಇಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಕ್ಲಾಸ್ ಇರುವುದಿಲ್ಲ. ದೊಡ್ಡ ಕ್ಯಾಮೆರಾ ಇಲ್ಲ ಅಂತ ಸುಮ್ನೆ ಕೂರಬೇಡಿ, ನಮ್ಮ ಜೊತೆಗಿದ್ದ ಪಿಯುಸಿ ಹುಡುಗಿ ಫೋನಿನಲ್ಲಿ ತೆಗೆದ ಆನೆ ಸಾಲೇ ಅವತ್ತಿನ ಎಲ್ಲ ಫೋಟೋಗಳಿಗಿಂತ ಚೆನ್ನಾಗಿತ್ತು.