ಪಿಸಿಬಿ 132 ಒತ್ತಡ ಸೆನ್ಸರ್: ಆವರ್ತನಕ್ಕೆ ಸೈ, ಅಲೆಯ ಎತ್ತರಕ್ಕೆ ಸ್ವಲ್ಪ ತಡೆಯಿರಿ

ಆಘಾತ ತರಂಗ ಯಾವ ಕ್ಷಣದಲ್ಲಿ ಬಂತು ಎಂದು ತಿಳಿಸಲೆಂದೇ ಪಿಸಿಬಿ ಪೀಜೋಟ್ರಾನಿಕ್ಸ್ ಕಂಪನಿ ಮಾಡಿದ ಸೆನ್ಸರ್ ಇದು. ಹೈಪರ್‌ಸಾನಿಕ್ (ಶಬ್ದದ ಐದು ಪಟ್ಟಿಗೂ ಮೀರಿದ ವೇಗದ) ಪ್ರಯೋಗಾಲಯಗಳು ಇದಕ್ಕೆ ಬೇರೆಯೇ ಕೆಲಸ ಹಚ್ಚಿವೆ. ಮೇಲ್ಮೈಗೆ ಅಂಟಿದಂತೆ ಹರಿಯುವ ಗಾಳಿಯ ತೆಳು ಪದರ, ಅಂದರೆ ಗಡಿಪದರ, ಪ್ರಕ್ಷುಬ್ಧವಾಗುವ ಮುನ್ನ ಏಳುವ ‘ಸೆಕೆಂಡ್ ಮೋಡ್’ ಎಂಬ ಒತ್ತಡದ ಅಲೆಗಳನ್ನು ಹಿಡಿಯಲು ಪರ್ಡ್ಯೂ ವಿಶ್ವವಿದ್ಯಾಲಯದ ಮ್ಯಾಕ್ 6 (ಶಬ್ದದ ಆರು ಪಟ್ಟು ವೇಗದ) ನಿಶ್ಶಬ್ದ ವಿಂಡ್ ಟನಲ್‌ನಲ್ಲೂ ಇದನ್ನೇ ಬಳಸಿದ್ದಾರೆ.

ಈ ಅಲೆಯ ಉದ್ದ ಪದರದ ದಪ್ಪದ ಸುಮಾರು ಎರಡರಷ್ಟು. ಪದರ 1 ಮಿ.ಮೀ., ಅದರ ಅಂಚಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 850 ಮೀಟರ್ ಎಂದಿಟ್ಟುಕೊಳ್ಳಿ. ಅಲೆ ಅದರ ಶೇ. 90ರಷ್ಟು ವೇಗದಲ್ಲಿ ಸಾಗಿದರೆ ಆವರ್ತನ 380 ಕಿಲೋಹರ್ಟ್ಸ್ ದಾಟುತ್ತದೆ. ಮಾಮೂಲಿ ಪೀಜೋರೆಸಿಸ್ಟಿವ್ (ಒತ್ತಡ ಬಿದ್ದಾಗ ವಿದ್ಯುತ್ ರೋಧ ಬದಲಾಗುವ) ಸೆನ್ಸರ್‌ಗಳು ಅಷ್ಟರೊಳಗೆ ತಮ್ಮದೇ ಅನುರಣನಕ್ಕೆ, ಅಂದರೆ ಸ್ವಂತ ಕಂಪನಕ್ಕೆ, ಸಿಕ್ಕಿಬಿದ್ದಿರುತ್ತವೆ. 132ರ ಅನುರಣನ 1 ಮೆಗಾಹರ್ಟ್ಸ್‌ಗೂ ಮೇಲೆ. ಇದನ್ನು ಕೊಳ್ಳಲು ಆ ಒಂದು ಕಾರಣ ಸಾಕು.

ಆದರೆ 11 ಕಿಲೋಹರ್ಟ್ಸ್‌ಗಿಂತ ಕೆಳಗಿನದ್ದನ್ನು ಇದು ಸೋಸಿ ಬಿಡುತ್ತದೆ. ಸ್ಥಿರ ಒತ್ತಡ ಬೇಕೆಂದರೆ ಪಕ್ಕದಲ್ಲಿ ಇನ್ನೊಂದು ಸೆನ್ಸರ್ ಇಡಲೇಬೇಕು. ದೊಡ್ಡ ತಕರಾರು ಮಾಪನಾಂಕದ್ದು (ಎಷ್ಟು ಒತ್ತಡಕ್ಕೆ ಎಷ್ಟು ವೋಲ್ಟ್ ಎಂಬ ಲೆಕ್ಕ): ಕಾರ್ಖಾನೆ ಕೊಡುವುದು ಒಂದೇ ಅಂಕಿ, ಸ್ಪಂದನೆಯೋ ಎಲ್ಲ ಆವರ್ತನಕ್ಕೂ ಒಂದೇ ಸಮ ಇರುವುದಿಲ್ಲ. ಜೊತೆಗೆ 3.18 ಮಿ.ಮೀ. ಮುಖದ ಮೇಲೆ 2 ಮಿ.ಮೀ. ಉದ್ದದ ಅಲೆ ಹಾದರೆ ಏರಿಳಿತ ಸರಾಸರಿಯಲ್ಲಿ ಕರಗಬಹುದು. ಒಳಗಿನ ಸಂವೇದಿ ತುಣುಕು 1 ಮಿ.ಮೀ.ಗಿಂತ ಚಿಕ್ಕದಾದ್ದರಿಂದ ನಷ್ಟ ಅಷ್ಟು ಘೋರವಲ್ಲ, ಲೆಕ್ಕಕ್ಕೆ ಸುಲಭವಾಗಿ ಸಿಗುವುದೂ ಇಲ್ಲ. ಅಲೆಯ ಎತ್ತರ ಪ್ರಕಟಿಸುವವರು ಆಘಾತ ತರಂಗ ಹುಟ್ಟಿಸುವ ಕೊಳವೆಯಾದ ಶಾಕ್ ಟ್ಯೂಬ್‌ನಲ್ಲಿ ತಾವೇ ಮಾಪನಾಂಕ ಮಾಡಿಕೊಳ್ಳುವುದು ಕ್ಷೇಮ.

ಕೂರಿಸುವಾಗ ಸೆನ್ಸರಿನ ಮುಖ ಪರೀಕ್ಷೆಯ ಮಾದರಿಯ ಮೇಲ್ಮೈಗೆ ಸಮನಾಗಿರಲಿ. ಕೂದಲೆಳೆಯಷ್ಟು ಹೊರಚಾಚಿದರೂ ಹರಿವು ಎಡವಿ, ಕೆಳಹರಿವಿನಲ್ಲಿರುವ ಸೆನ್ಸರ್‌ಗಳ ದತ್ತಾಂಶವೆಲ್ಲ ಹಾಳು. ಮಾದರಿ ಶಂಕುವಾದರೆ ಅದರ ಮೂತಿಯ ಹತ್ತಿರ ಮೇಲ್ಮೈ ತೀರಾ ಬಾಗಿರುತ್ತದೆ, ಚಪ್ಪಟೆ ಮುಖ ಅಲ್ಲಿ ಹೊಂದುವುದಿಲ್ಲ. ಅಂಟಿಸಲು ನೇಲ್ ಪಾಲಿಶ್ (ನಗಬೇಡಿ, ಪ್ರಯೋಗಾಲಯಗಳಲ್ಲಿ ಅದೇ ವಾಡಿಕೆ): ಅಸಿಟೋನ್ ತಾಗಿಸಿದರೆ ಬಿಡುತ್ತದೆ. ಎಪಾಕ್ಸಿ ಹಾಕಿದರೆ ಸೆನ್ಸರ್ ಕೀಳುವಾಗ ಮುರಿಯುವ ಭಯ.

ಸೆನ್ಸರಿನ ಸಂಕೇತವನ್ನು ಅಳತೆಗೆ ಸಿದ್ಧಪಡಿಸುವ ಸಿಗ್ನಲ್ ಕಂಡೀಶನರ್‌ನ ಆವರ್ತನ ವ್ಯಾಪ್ತಿ ಮೊದಲೇ ನೋಡಿಕೊಳ್ಳಿ. 100 ಕಿಲೋಹರ್ಟ್ಸ್‌ಗೆ ನಿಲ್ಲುವ ಪೆಟ್ಟಿಗೆಗೆ ಜೋಡಿಸಿ, ಅಲೆಯೇ ಇಲ್ಲ ಎಂದು ಸೆನ್ಸರನ್ನು ಬೈದರೆ ಪ್ರಯೋಜನವಿಲ್ಲ.

ಒಂದನ್ನೇ ತರಿಸಬೇಡಿ. ಹರಿವಿನ ಗುಂಟ 10 ಮಿ.ಮೀ. ಅಂತರದಲ್ಲಿ ಎರಡಿದ್ದರೆ ಮೇಲಿನ ಲೆಕ್ಕದಲ್ಲಿ 13 ಮೈಕ್ರೋಸೆಕೆಂಡ್ ತಡ ಸಿಗುತ್ತದೆ, ಅದರಿಂದ ಅಲೆಯ ವೇಗ. ಅಷ್ಟರಲ್ಲಿ ಐದು ಅಲೆಗಳು ದಾಟಿರುತ್ತವೆ. ಯಾವ ಶಿಖರ ಯಾವುದಕ್ಕೆ ಜೋಡಿ ಎಂಬುದನ್ನು ಅಲೆಗುಚ್ಛದ ಹೊರರೇಖೆ ನೋಡಿಯೇ ಗುರುತಿಸಬೇಕು.