ರಾತ್ರಿ ಹೊಟ್ಟೆನೋವಿಗೆ ಹೋದ ನರ್ಸಿಂಗ್ ಹೋಮ್: ಡಾಕ್ಟರ್‌ಗೆ ಪೂರ್ತಿ ಅಂಕ, ಬಿಲ್ಲಿಂಗ್‌ಗೆ ಅರ್ಧ

ಬೆಂಗಳೂರಿನ ಶ್ರೀನಗರ, ಹನುಮಂತನಗರ ಕಡೆ ಯಾರಾದರೂ ರಾತ್ರಿ ಹೊತ್ತು ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದರೆ ಈ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಬನ್ನಿ ಅಂತ ಧೈರ್ಯವಾಗಿ ಹೇಳುತ್ತೇನೆ. ಕಟ್ಟಡ ಹಳೇದು, ಲಿಫ್ಟ್ ನಿಧಾನ. ಆದರೆ ಇಲ್ಲಿನ ಸರ್ಜನ್ ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ನೋಡಿದ್ದನ್ನು ಮನೆಯವರಿಗೆ ಬಿಡಿಸಿ ಹೇಳುತ್ತಾರೆ. ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಯಾಕೆ ಹೋಯಿತು ಅಂತ ಆಮೇಲೆ ಬರೆಯುತ್ತೇನೆ.

ನಮ್ಮಕ್ಕನ ಮಗಳು ತಿಪಟೂರಿನವಳು, ನಮ್ಮ ಮನೆಯಲ್ಲೇ ಇದ್ದುಕೊಂಡು ಬಿ.ಕಾಂ. ಓದುತ್ತಿದ್ದಾಳೆ. ಆವತ್ತು ಬೆಳಿಗ್ಗೆಯಿಂದ ಅವಳಿಗೆ ಹೊಕ್ಕುಳ ಸುತ್ತ ಹಿಂಡಿದ ಹಾಗೆ ನೋವು. ತಿಂಡಿ ಬೇಡ ಅಂದಳು, ಊಟವೂ ಬೇಡ ಅಂದಳು. ಮಧ್ಯಾಹ್ನ ಒಂದು ಸಲ ವಾಂತಿ ಆಯಿತು. ಸಂಜೆ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂರಿಸಿಯೇ ಮಾತಾಡಿಸಿ, ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಲಗಿಸಿ ಹೊಟ್ಟೆ ಒತ್ತಿ ನೋಡಲೇ ಇಲ್ಲ. ರಾತ್ರಿ ಊಟದ ಹೊತ್ತಿಗೆ ನೋವು ಬಲಗಡೆ ಕೆಳಹೊಟ್ಟೆಗೆ ಇಳಿಯಿತು. ಹುಡುಗಿ ಬಗ್ಗಿಕೊಂಡೇ ನಡೆಯುತ್ತಿದ್ದಳು, ಮೈ ಸ್ವಲ್ಪ ಬಿಸಿ ಇತ್ತು. ಪಕ್ಕದ ಮನೆಯವರು ಹರಳೆಣ್ಣೆ ಕುಡಿಸಿ ಅಂದರು. ನಾನು ಒಪ್ಪಲಿಲ್ಲ. ಕಾರಣ ಗೊತ್ತಿಲ್ಲದ ಹೊಟ್ಟೆನೋವಿಗೆ ಭೇದಿ ಮಾಡಿಸಬಾರದು. ಅಪೆಂಡಿಕ್ಸ್ ಊದಿಕೊಂಡಿದ್ದರೆ ಅದು ಒಡೆಯುವ ಭಯ ಇರುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

ಈ ನರ್ಸಿಂಗ್ ಹೋಮ್‌ನ ಕ್ಯಾಶುವಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ಜ್ವರ, ಬಿ.ಪಿ. ನೋಡಿದರು, ಸ್ವಲ್ಪ ಹೊತ್ತಿಗೆಲ್ಲ ಸರ್ಜನ್ ಬಂದರು. ಅವರು ಮೊದಲು ಕೇಳಿದ್ದು ಹೀಗೆ: "ಏನಮ್ಮಾ, ಆಟೋದಲ್ಲಿ ಬಂದ್ರಾ? ಹಂಪ್ಸ್ ದಾಟುವಾಗ ಹೊಟ್ಟೆ ಹೇಗಿತ್ತು?" ಪ್ರತಿ ಹಂಪ್ಸ್‌ಗೂ ಪ್ರಾಣ ಹೋದ ಹಾಗಾಯ್ತು ಅಂದಳು. ಇದು ಸುಮ್ನೆ ಮಾತಿಗೆ ಕೇಳಿದ ಪ್ರಶ್ನೆ ಆಗಿರಲಿಲ್ಲ. 2012ರಲ್ಲಿ ಇಂಗ್ಲೆಂಡಿನಲ್ಲಿ ಇದರ ಮೇಲೇ ಒಂದು ಅಧ್ಯಯನ ಬಂದಿದೆ. ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸ್ ಊತ, ಖಚಿತವಾದ 34 ಜನರಲ್ಲಿ 33 ಜನಕ್ಕೆ ಹಂಪ್ಸ್ ದಾಟುವಾಗ ನೋವು ಹೆಚ್ಚಾಗಿತ್ತಂತೆ. ಬೇರೆ ಕಾರಣದ ಹೊಟ್ಟೆನೋವಿನಲ್ಲೂ ಹಾಗಾಗುತ್ತದೆ, ಅದಕ್ಕೆ ಇದೊಂದನ್ನೇ ನಂಬುವ ಹಾಗಿಲ್ಲ. ಆದರೆ ಹಂಪ್ಸ್‌ನಲ್ಲಿ ನೋವೇ ಆಗಲಿಲ್ಲ ಅಂದರೆ ಅಪೆಂಡಿಸೈಟಿಸ್ ಇರುವ ಸಾಧ್ಯತೆ ತುಂಬಾ ಕಡಿಮೆ. ನಮ್ಮ ರಸ್ತೆಗಳಲ್ಲಿ ಈ ಪರೀಕ್ಷೆ ತಾನಾಗಿಯೇ ಆಗಿಬಿಡುತ್ತದೆ ಅಲ್ವಾ.

ಆಮೇಲೆ ಅವಳನ್ನು ಮಲಗಿಸಿದರು. ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡರು. ನೋವು ಎಲ್ಲಿ ಶುರುವಾಯ್ತು, ಈಗ ಎಲ್ಲಿದೆ, ಒಂದೇ ಬೆರಳಲ್ಲಿ ತೋರಿಸು ಅಂದರು. ಕೆಮ್ಮಿಸಿದರು. ಮೊದಲು ನೋವಿಲ್ಲದ ಎಡಗಡೆ ಒತ್ತಿದರು. ಎಡಗಡೆ ಒತ್ತಿದರೆ ಅವಳು ಬಲಗಡೆ ಹಿಡಿದುಕೊಂಡಳು! ನಿಧಾನವಾಗಿ ಬಲಗಡೆಗೆ ಬಂದರು. ಸೊಂಟದ ಮೂಳೆಯ ತುದಿಯಿಂದ ಹೊಕ್ಕುಳಿಗೆ ಒಂದು ಗೆರೆ ಎಳೆದರೆ, ಮೂಳೆಯಿಂದ ಮೂರನೇ ಒಂದು ಭಾಗದಲ್ಲಿ ಒಂದು ಜಾಗ ಬರುತ್ತದೆ. ಅಮೆರಿಕದ ಸರ್ಜನ್ ಮ್ಯಾಕ್‌ಬರ್ನಿ 1889ರಲ್ಲಿ ಗುರುತಿಸಿದ ಜಾಗ ಅದು. ಅಲ್ಲಿ ಒತ್ತುವಾಗ ಡಾಕ್ಟರ್ ಕಣ್ಣು ಹುಡುಗಿಯ ಮುಖದ ಮೇಲೇ ಇತ್ತು. ಅವಳು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಯಿತು.

ನೋವು ಹೊಕ್ಕುಳಿಂದ ಕೆಳಗೆ ಹೋಗಿದ್ದು ಯಾಕೆ ಅಂತ ಕೇಳಿದೆ. ಕರುಳಿನ ನರಗಳಿಗೆ ಜಾಗ ಸರಿಯಾಗಿ ಹೇಳೋಕೆ ಬರೋದಿಲ್ಲ, ಅದಕ್ಕೆ ಮೊದಲು ನಡುಹೊಟ್ಟೆಯಲ್ಲಿ ನೋವು. ಊತ ಹೊಟ್ಟೆಯ ಒಳಪದರಕ್ಕೆ ತಾಗಿದ ಮೇಲೆ ಸರಿಯಾದ ಜಾಗ ಗೊತ್ತಾಗುತ್ತದೆ ಅಂದರು. ನೋವಿನ ಡ್ರಿಪ್ ಹಾಕಲು ಹೇಳಿದಾಗ, ಅದರಿಂದ ಕಾಯಿಲೆ ಮುಚ್ಚಿಹೋಗಲ್ವಾ ಸಾರ್ ಅಂದೆ. ಹಿಂದೆ ಹಾಗೆ ಅಂದುಕೊಂಡಿದ್ದರು, ಈಗ ಇಲ್ಲ, ನೋವು ಕಡಿಮೆ ಮಾಡಿದರೆ ಪರೀಕ್ಷೆ ಇನ್ನೂ ಸಲೀಸು ಅಂದರು.

ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇನ್ನೊಂದು ವಿಷಯ. ಬಲಗಡೆ ಕೆಳಹೊಟ್ಟೆ ನೋವು ಅಂಡಾಶಯದ ಗಂಟಿನಿಂದಲೂ ಬರಬಹುದು. ಅಂಡಾಶಯ ತಿರುಚಿಕೊಂಡರೂ, ಗರ್ಭಕೋಶದ ಹೊರಗೆ ಗರ್ಭ ನಿಂತರೂ, ಮೂತ್ರನಾಳದಲ್ಲಿ ಕಲ್ಲಿದ್ದರೂ ಬರಬಹುದು. ಇದನ್ನೆಲ್ಲ ಡಾಕ್ಟರ್ ಕೇಳಲೇಬೇಕು. "ಮೇಡಂ, ಎರಡು ನಿಮಿಷ ಹೊರಗಿರ್ತೀರಾ?" ಅಂತ ನನ್ನನ್ನು ಕಳಿಸಿ, ಸಿಸ್ಟರ್‌ನ ಒಳಗೇ ಇರಿಸಿಕೊಂಡು ಪರದೆ ಎಳೆದು ಮಾತಾಡಿದರು. ಈ ವಯಸ್ಸಿನ ಎಲ್ಲ ಹೆಣ್ಣುಮಕ್ಕಳಿಗೂ ಪ್ರೆಗ್ನೆನ್ಸಿ ಟೆಸ್ಟ್ ಮಾಡ್ತೀವಿ, ಅನುಮಾನ ಅಂತ ತಿಳ್ಕೋಬೇಡಿ ಅಂತ ಮೊದಲೇ ಹೇಳಿದರು. ಮದುವೆಯಾಗದ ಹುಡುಗಿಗೆ ಆ ಟೆಸ್ಟ್ ಬರೆದರೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಜಗಳವೇ ಆಗುತ್ತದೆ. ಇವರು ಹೇಳಿದ ರೀತಿಗೆ ನಮ್ಮ ಹುಡುಗಿ ತಲೆ ತಗ್ಗಿಸಬೇಕಾಗಿ ಬರಲಿಲ್ಲ. ಇದಕ್ಕೆ ನಾನು ಜನ್ಮಪೂರ್ತಿ ಋಣಿ.

ರಕ್ತದಲ್ಲಿ ಬಿಳಿ ಕಣ ಜಾಸ್ತಿ ಇತ್ತು, ಒಳಗೆ ಊತ ಇದ್ದರೆ ಜಾಸ್ತಿಯಾಗುವ ಸಿಆರ್‌ಪಿಯೂ ಏರಿತ್ತು. ಯೂರಿನ್ ಸರಿ ಇತ್ತು. ರಾತ್ರಿಯೇ ಸ್ಕ್ಯಾನ್ ಮಾಡಿದರು. ಅಂಡಾಶಯ ಚೆನ್ನಾಗಿದೆ, ಗ್ಯಾಸ್ ಅಡ್ಡ ಬಂದು ಅಪೆಂಡಿಕ್ಸ್ ಕಾಣಲಿಲ್ಲ ಅಂತ ರಿಪೋರ್ಟ್ ಬಂತು. ನನಗೆ ಹೋದ ಜೀವ ಬಂದ ಹಾಗಾಯಿತು, ಮನೆಗೆ ಹೋಗಬಹುದಾ ಅಂದೆ. ಕಾಣಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲಮ್ಮ, ಬೆಳಗಿನವರೆಗೆ ನಮ್ಮ ಕಣ್ಮುಂದೆ ಇರಲಿ ಅಂದರು. ಬಾಯಿಗೆ ಏನೂ ಕೊಡದೆ ಡ್ರಿಪ್‌ನಲ್ಲಿ ಇಟ್ಟರು. ರಾತ್ರಿ ಮಧ್ಯೆ ಎದ್ದು ಬಂದು ಅದೇ ಕೈಯಿಂದ ಅದೇ ಜಾಗ ಮತ್ತೆ ಒತ್ತಿ ನೋಡಿದರು. ಒಬ್ಬರೇ ಡಾಕ್ಟರ್ ಎರಡು ಸಲ ನೋಡುವುದರ ಬೆಲೆ ಆಗ ಗೊತ್ತಾಯಿತು. ಹೊಟ್ಟೆ ಮೊದಲಿಗಿಂತ ಬಿಗಿಯಾಗಿದೆ ಅನ್ನೋದು ಮೊದಲು ಮುಟ್ಟಿದವರಿಗೆ ತಾನೇ ತಿಳಿಯೋದು? ಬೆಳಿಗ್ಗೆ ಮತ್ತೆ ಸ್ಕ್ಯಾನ್ ಮಾಡಿದಾಗ ಅಪೆಂಡಿಕ್ಸ್ ಸಿಕ್ಕಿತು. 6 ಮಿಲಿಮೀಟರಿಗಿಂತ ದಪ್ಪ ಇದ್ದರೆ ಅನುಮಾನ ಪಡುತ್ತಾರೆ. ಇವಳದು 9 ಇತ್ತು, ಒತ್ತಿದರೆ ಅಮುಕುತ್ತಿರಲಿಲ್ಲ, ಒಳಗೊಂದು ಚಿಕ್ಕ ಕಲ್ಲು ಬೇರೆ.

ಅಪೆಂಡಿಕ್ಸ್ ಅಂದ ಕೂಡಲೇ ಕೊಯ್ಯಲು ಹೊರಡುತ್ತಾರೆ ಅಂತ ಹೆದರಿದ್ದೆ. ಇಲ್ಲಿ ಎರಡೂ ದಾರಿ ಹೇಳಿದರು. 2020ರಲ್ಲಿ ಅಮೆರಿಕದಿಂದ 1,500ಕ್ಕೂ ಹೆಚ್ಚು ರೋಗಿಗಳ ಒಂದು ದೊಡ್ಡ ಅಧ್ಯಯನ ಬಂತು. ಬರೀ ಆ್ಯಂಟಿಬಯಾಟಿಕ್ ಕೊಟ್ಟವರಲ್ಲಿ 10ಕ್ಕೆ 7 ಜನ 90 ದಿನದವರೆಗೆ ಆಪರೇಷನ್ ಇಲ್ಲದೆ ಇದ್ದರು. ಕಲ್ಲು ಇದ್ದವರಲ್ಲಿ ಮಾತ್ರ 10ಕ್ಕೆ 4 ಜನಕ್ಕೆ ಅಷ್ಟರೊಳಗೆ ಆಪರೇಷನ್ ಬೇಕಾಯಿತು. ಇವಳಿಗೆ ಕಲ್ಲಿದೆ, ನನ್ನ ಮಗಳಾಗಿದ್ದರೆ ಈಗಲೇ ತೆಗೆಸುತ್ತಿದ್ದೆ ಅಂದರು. ತಿಪಟೂರಿನಲ್ಲಿದ್ದ ಅಕ್ಕ ಭಾವನಿಗೆ ಫೋನ್ ಸ್ಪೀಕರ್‌ನಲ್ಲಿ ಇದೆಲ್ಲ ಮತ್ತೊಮ್ಮೆ ಕನ್ನಡದಲ್ಲೇ ಹೇಳಿದರು. "ಚಿಕ್ಕಮ್ಮ, ತೆಗೆಸಿಬಿಡೋಣ" ಅಂದವಳು ಅವಳೇ. ಸಹಿಯನ್ನೂ ಅವಳೇ ಹಾಕಿದಳು, 18 ತುಂಬಿದವರ ಸಹಿ ಅವರದ್ದೇ ಆಗಬೇಕಲ್ವಾ.

ಲ್ಯಾಪರೋಸ್ಕೋಪಿಯಲ್ಲಿ ಮೂರು ಸಣ್ಣ ತೂತು. ಒಡೆದಿರಲಿಲ್ಲ. ಮಾರನೇ ದಿನ ಎದ್ದು ಓಡಾಡಿ ಗಂಜಿ ಕುಡಿದಳು.

ಈಗ ಆ ಒಂದು ಸ್ಟಾರ್ ಬಗ್ಗೆ. ಬೆಳಿಗ್ಗೆಯೇ ಡಿಸ್ಚಾರ್ಜ್ ಬರೆದುಕೊಟ್ಟಿದ್ದರು, ನಾವು ಹೊರಗೆ ಬಂದಾಗ ಕತ್ತಲಾಗಿತ್ತು. ಭಾವನ ಪಾಲಿಸಿಯಲ್ಲಿ ಕ್ಯಾಶ್‌ಲೆಸ್ ಇತ್ತು. ಇನ್ಶೂರೆನ್ಸ್‌ನವರು ತಡ ಮಾಡಿದರು ಅಂತ ಕೌಂಟರಿನಲ್ಲಿ ಹೇಳುತ್ತಲೇ ಇದ್ದರು. ಆದರೆ ಆಸ್ಪತ್ರೆಯಿಂದ ಕೋರಿಕೆ ಬಂದ 3 ಗಂಟೆಯೊಳಗೆ ಕಂಪನಿ ಒಪ್ಪಿಗೆ ಕೊಡಬೇಕು ಅಂತ ವಿಮೆ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರಲ್ಲೇ ಹೇಳಿದೆ. ನಾನು ಕಂಪನಿಗೆ ಫೋನ್ ಮಾಡಿದರೆ ಫೈನಲ್ ಬಿಲ್ಲೇ ಬಂದಿಲ್ಲ ಅಂದರು. ಮಧ್ಯಾಹ್ನ ಊಟ ಮುಗಿದ ಮೇಲೆ ಕಳಿಸಿದ್ದಂತೆ! ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮಗು ಅಷ್ಟು ಹೊತ್ತು ಕಾಯಬೇಕಿತ್ತಾ? ಡಾಕ್ಟರ್ ಇಷ್ಟು ಚೆನ್ನಾಗಿ ನೋಡಿಕೊಂಡ ಜಾಗದಲ್ಲಿ ಇದನ್ನು ಸರಿ ಮಾಡಲೇಬೇಕು. ಬಿಲ್ 80 ಸಾವಿರದ ಆಸುಪಾಸು ಆಯಿತು, ಗ್ಲೌಸ್ ಅದು ಇದು ಅಂತ ಸ್ವಲ್ಪ ನಾವು ಕೈಯಿಂದ ಕಟ್ಟಿದೆವು. ಅಷ್ಟು ಆಗದವರು ತಡ ಮಾಡದೆ ವಿಕ್ಟೋರಿಯಾ, ಜಯನಗರ ಜನರಲ್ ಅಥವಾ ಮಲ್ಲೇಶ್ವರದ ಕೆ.ಸಿ. ಜನರಲ್‌ಗೆ ಹೋಗಿ. ದುಡ್ಡು ಹೊಂದಿಸುತ್ತಾ ಮನೆಯಲ್ಲಿ ಕೂರಬೇಡಿ.

ತೆಗೆದ ಅಪೆಂಡಿಕ್ಸನ್ನು ಬಯಾಪ್ಸಿಗೆ ಕಳಿಸುತ್ತಾರೆ. ಅಪರೂಪಕ್ಕೆ ಅದರಲ್ಲಿ ಗಡ್ಡೆ ಸಿಗುವುದುಂಟು. ರಿಪೋರ್ಟ್ ಬರಲು ಕೆಲವು ದಿನ ಬೇಕು, ಅವರಾಗಿ ಫೋನ್ ಮಾಡುವುದಿಲ್ಲ. ಹೊಲಿಗೆ ತೋರಿಸಲು ಹೋಗುವ ದಿನ ಮೊದಲನೇ ಮಹಡಿಯ ಲ್ಯಾಬ್‌ನಲ್ಲಿ ಕೇಳಿ ಇಸ್ಕೊಳ್ಳಿ, ಅದನ್ನು ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ.